ಹುಡುಕಿದರೆ ಸಾಲದು, ಗುರುತು ಹಾಕಬೇಕು

ಕೆಲವು ದಿನಗಳ ಹಿಂದೆ ನಗರದ ಒಂದು ವಾಣಿಜ್ಯ ಸಂಕೀರ್ಣಕ್ಕೆ ಹೋಗಿದ್ದೆ. ಬಾಗಿಲಲ್ಲಿ ಲೋಹಶೋಧಕದ ಚೌಕಟ್ಟು ನಿಂತಿತ್ತು. ನನ್ನ ಮುಂದಿದ್ದವರು ಅದರೊಳಗೆ ಹಾದಾಗ ಅದು ಕೂಗಿತು. ನಾನು ಹಾದಾಗಲೂ ಕೂಗಿತು. ನನ್ನ ಹಿಂದೆ ಮಗುವನ್ನೆತ್ತಿಕೊಂಡು ಬಂದ ತಾಯಿ ಹಾದಾಗಲೂ ಕೂಗಿತು. ಕಾವಲಿಗಿದ್ದ ಯುವಕ ಯಾರನ್ನೂ ತಡೆಯಲಿಲ್ಲ. ಬೆಳಗಿನಿಂದ ಸಾವಿರ ಸಲ ಅದೇ ಸದ್ದನ್ನು ಕೇಳಿದ ಅವನ ಕಿವಿಗೆ ಅದು ಸದ್ದಾಗಿ ಉಳಿದಿರಲಿಲ್ಲ. ಅವನನ್ನು ದೂರಲು ನನಗೆ ಮನಸ್ಸಾಗಲಿಲ್ಲ. ಯಂತ್ರ ತನ್ನ ಕೆಲಸವನ್ನು ಮಾಡಿತ್ತು. ಅದರ ಮುಂದಿನ ಕೆಲಸ ಯಾರದೆಂದು ಯಾರೂ ಅವನಿಗೆ ಹೇಳಿಕೊಟ್ಟಂತಿರಲಿಲ್ಲ. ಆದರೂ ಮನಸ್ಸು ಕಸಿವಿಸಿಗೊಂಡಿತು. 2008ರ ಜುಲೈನ ಸರಣಿ ಸ್ಫೋಟಗಳನ್ನು, 2010ರಲ್ಲಿ ಕ್ರಿಕೆಟ್ ಕ್ರೀಡಾಂಗಣದ ಹೊರಗೆ ನಡೆದ ಸ್ಫೋಟವನ್ನು, 2024ರ ಮಾರ್ಚ್‌ನಲ್ಲಿ ಒಂದು ಉಪಾಹಾರ ಗೃಹದಲ್ಲಿ ಸಿಡಿದ ಬಾಂಬನ್ನು ಕಂಡ ಊರು ನಮ್ಮದು. ಇಲ್ಲಿ ಆ ಚೌಕಟ್ಟು ಬಾಗಿಲಿನ ಅಲಂಕಾರವಾಗಿ ನಿಲ್ಲಬಾರದಿತ್ತು.

ಅಂದು ಮನೆಗೆ ಮರಳುವಾಗ ನನಗೆ ನೆನಪಾದವರು ನನ್ನ ಬಾಲ್ಯದ ಒಬ್ಬ ನೆರೆಯವರು. ಹಲಸೂರು ಕೆರೆಯ ಆಸುಪಾಸಿನಲ್ಲಿ ನಮ್ಮ ಮನೆ. ಮದ್ರಾಸ್ ಸ್ಯಾಪರ್ಸ್ ಪಡೆಯ ಕೇಂದ್ರ ಅಲ್ಲಿಂದ ದೂರವಲ್ಲ. ಆ ಪಡೆಯಿಂದ ನಿವೃತ್ತರಾದ ಒಬ್ಬ ಸುಬೇದಾರರು ನಮ್ಮ ಬೀದಿಯಲ್ಲಿದ್ದರು. ರಜೆಯ ದಿನಗಳಲ್ಲಿ ಅವರು ತಮ್ಮ ಹಿತ್ತಲಿನ ಮಣ್ಣಿನಲ್ಲಿ ಶೂ ಪಾಲಿಶ್ ಡಬ್ಬಿಗಳನ್ನು ಹೂತು, ಬೀದಿಯ ಹುಡುಗರಾದ ನಮಗೆ ಅವನ್ನು ಹುಡುಕುವ ಆಟವನ್ನು ಕಲಿಸಿದ್ದರು. ಕೈಯಲ್ಲಿ ಸೈಕಲ್ ಚಕ್ರದ ಒಂದು ಕಡ್ಡಿ. ಅದನ್ನು ನೆಟ್ಟಗೆ ಚುಚ್ಚುವಂತಿಲ್ಲ; ಓರೆಯಾಗಿ, ಸುಮಾರು ಮೂವತ್ತು ಡಿಗ್ರಿ ಕೋನದಲ್ಲಿ, ಮಣ್ಣಿನೊಳಗೆ ಮೆಲ್ಲಗೆ ಜಾರಿಸಬೇಕು. ಮೇಲಿನಿಂದ ಒತ್ತಿದವನು ಆಟದಿಂದ ಹೊರಗೆ. ಡಬ್ಬಿ ಸಿಕ್ಕಿತೆಂದು ಕುಣಿದು, ಅದರ ಪಕ್ಕದಲ್ಲಿ ಬಿಳಿ ಬಟ್ಟೆ ಕಟ್ಟಿದ ಕೋಲನ್ನು ನೆಡಲು ಮರೆತವನೂ ಹೊರಗೆ. ಹುಡುಕುವುದು ಅರ್ಧ ಕೆಲಸ ಮಾತ್ರ, ಹಿಂದೆ ಬರುವವನಿಗೆ ಕಾಣುವಂತೆ ಗುರುತು ಹಾಕಿದಾಗಲೇ ಅದು ಪೂರ್ತಿಯಾಗುತ್ತದೆ ಎಂಬುದು ಅವರ ಪಾಠ. ಅವರ ಮನೆಯ ನಡುಮನೆಯ ಗೋಡೆಯಲ್ಲಿ ದೇವರ ಪಟಗಳ ಸಾಲಿನ ಕೆಳಗೆ, ಪತ್ರಿಕೆಯಿಂದ ಕತ್ತರಿಸಿ ಚೌಕಟ್ಟು ಹಾಕಿಸಿದ ಒಬ್ಬ ಸೇನಾಧಿಕಾರಿಯ ಚಿತ್ರವಿತ್ತು. ಅವರು ಮದ್ರಾಸ್ ಸ್ಯಾಪರ್ಸ್‌ನವರೂ ಅಲ್ಲ, ದಕ್ಷಿಣದವರೂ ಅಲ್ಲ. ಹಾಗಿದ್ದೂ ಸುಬೇದಾರರಿಗೆ ಅವರು ಗುರುಸಮಾನರು. ಆ ಚಿತ್ರದಲ್ಲಿದ್ದವರು ಪ್ರೇಮೀಂದ್ರ ಸಿಂಗ್ ಭಗತ್.

ಭಗತ್ ಹುಟ್ಟಿದ್ದು 1918ರ ಅಕ್ಟೋಬರ್ 13ರಂದು, ಗೋರಖಪುರದಲ್ಲಿ. ತಂದೆ ಅಂದಿನ ಸಂಯುಕ್ತ ಪ್ರಾಂತ್ಯದಲ್ಲಿ ಎಂಜಿನಿಯರ್ ಆಗಿದ್ದವರು. ಡೆಹ್ರಾಡೂನಿನ ರಾಯಲ್ ಇಂಡಿಯನ್ ಮಿಲಿಟರಿ ಕಾಲೇಜಿನಲ್ಲಿ ಓದಿ, 1937ರಲ್ಲಿ ಅದೇ ಊರಿನ ಇಂಡಿಯನ್ ಮಿಲಿಟರಿ ಅಕಾಡೆಮಿಯನ್ನು ಸೇರಿದರು. ಭಾರತೀಯರನ್ನು ಭಾರತದ ನೆಲದಲ್ಲೇ ಅಧಿಕಾರಿಗಳನ್ನಾಗಿ ತರಬೇತುಗೊಳಿಸುವ ಆ ಸಂಸ್ಥೆ ಆರಂಭವಾಗಿ ಆಗ ಐದೇ ವರ್ಷಗಳಾಗಿದ್ದವು. ಭಾರತೀಯ ಅಧಿಕಾರಿಯ ಕೈಕೆಳಗೆ ಸೈನಿಕರು ನಿರ್ಭಯವಾಗಿ ಮುನ್ನುಗ್ಗುವರೇ ಎಂಬ ಸಂಶಯ ಆಳುವವರ ಮನಸ್ಸಿನಿಂದ ಇನ್ನೂ ಅಳಿದಿರಲಿಲ್ಲ. 1939ರ ಜುಲೈನಲ್ಲಿ ಭಗತ್ ಸೆಕೆಂಡ್ ಲೆಫ್ಟಿನೆಂಟ್ ಆಗಿ ಎಂಜಿನಿಯರುಗಳ ವಿಭಾಗವನ್ನು ಸೇರಿದಾಗ ಯುದ್ಧ ಹೊಸ್ತಿಲಲ್ಲಿತ್ತು. ಅವರನ್ನು ಬಾಂಬೆ ಸ್ಯಾಪರ್ಸ್‌ನ 21ನೇ ಫೀಲ್ಡ್ ಕಂಪನಿಗೆ ನೇಮಿಸಲಾಯಿತು.

ಸ್ಯಾಪರ್ ಎಂದರೆ ಯಾರು ಎಂಬುದನ್ನು ಇಲ್ಲಿ ಹೇಳುವುದು ಒಳ್ಳೆಯದು. ಸೇನೆಗೆ ದಾರಿ, ಸೇತುವೆಗಳನ್ನು ಕಟ್ಟುವವರು, ಶತ್ರು ಬರುವ ದಾರಿಯನ್ನು ಕೆಡಿಸುವವರು, ಶತ್ರು ಹೂತಿಟ್ಟ ನೆಲಬಾಂಬುಗಳನ್ನು ಹುಡುಕಿ ತೆಗೆಯುವವರು ಇವರೇ. ಕಾಲಾಳುಗಳು ನುಗ್ಗುವ ಮೊದಲೇ ಇವರು ಮುಂದಿರಬೇಕು. ಸೇನೆ ಹಿಂದೆ ಸರಿಯುವಾಗ ಎಲ್ಲರಿಗಿಂತ ಕೊನೆಯಲ್ಲಿ ಹೊರಡಬೇಕು. ಇವರ ಕೈಗೆ ಬಂದೂಕಿಗಿಂತ ಹೆಚ್ಚಾಗಿ ಹತ್ತುವುದು ಸಲಿಕೆ, ತಂತಿ, ಸ್ಫೋಟಕ.

ಇಟಲಿ 1940ರ ಜೂನ್‌ನಲ್ಲಿ ಯುದ್ಧಕ್ಕಿಳಿದು, ತಾನು ಆಕ್ರಮಿಸಿಕೊಂಡಿದ್ದ ಅಬಿಸೀನಿಯಾದ ಕಡೆಯಿಂದ ಸುಡಾನಿನ ಗಡಿಠಾಣೆಗಳ ಮೇಲೆ ಎರಗಿತು. ಗಡಿಯ ಈಚೆಗೆ ಗಲ್ಲಾಬತ್, ಆಚೆಗೆ ಮೆಟೆಮ್ಮಾ. ನಡುವೆ ಒಂದು ಒಣ ಹಳ್ಳ. ಇಟಲಿಯವರ ವಶವಾಗಿದ್ದ ಗಲ್ಲಾಬತ್ ಕೋಟೆಯನ್ನು ಮರಳಿ ಪಡೆಯಲು 1940ರ ನವೆಂಬರ್ 6ರಂದು ಭಾರತೀಯ ಬ್ರಿಗೇಡೊಂದು ದಾಳಿ ಮಾಡಿತು. ಅದರ ನಾಯಕರು, ಮುಂದೆ ಬರ್ಮಾದ ಸಮರದಲ್ಲಿ ಹೆಸರಾದ ವಿಲಿಯಂ ಸ್ಲಿಮ್. ಕೋಟೆ ಕೈಗೆ ಬಂತು, ಆದರೆ ಇಟಲಿಯ ವಿಮಾನಗಳ ಸುರಿಮಳೆಗೆ ಅಲ್ಲಿ ನಿಲ್ಲಲಾಗಲಿಲ್ಲ. ಹಿಂದೆ ಸರಿಯುವಾಗ ಬೆನ್ನಟ್ಟಿ ಬರುವವರನ್ನು ತಡೆಯುವ ಹೊಣೆ ಭಗತ್ ಅವರ ತುಕಡಿಗೆ ಬಂತು. ಕೆಟ್ಟುನಿಂತಿದ್ದ ಟ್ಯಾಂಕುಗಳಲ್ಲಿ ಸ್ಫೋಟಕ ತುಂಬಿ ಒಂದು ಮೋರಿಸೇತುವೆಯನ್ನು ಹಾರಿಸಬೇಕಾಗಿತ್ತು. ಒಂದು ಸಿಡಿಯಿತು, ಮತ್ತೊಂದು ಸಿಡಿಯಲಿಲ್ಲ. ಶತ್ರು ಹತ್ತಿರವಾಗುತ್ತಿದ್ದ. ಸಿಡಿಯದ ಸ್ಫೋಟಕದ ಬಳಿಗೆ ಹೋಗುವುದು ಸ್ಯಾಪರ್‌ಗಳ ವೃತ್ತಿಯಲ್ಲಿ ಎಲ್ಲಕ್ಕಿಂತ ಅಪಾಯದ ಕೆಲಸ. ಅದು ಯಾವ ಗಳಿಗೆಯಲ್ಲಿ ಮನಸ್ಸು ಬದಲಿಸುತ್ತದೆಂದು ಹೇಳಲಾಗದು. ಭಗತ್ ಗುಂಡುಗಳ ನಡುವೆ ಓಡಿಹೋಗಿ ಆ ಕೆಲಸವನ್ನು ಮುಗಿಸಿ ಬಂದರು. ಅವರಿಗಿನ್ನೂ ಇಪ್ಪತ್ತೆರಡು ವರ್ಷ ತುಂಬಿ ತಿಂಗಳೂ ಕಳೆದಿರಲಿಲ್ಲ.

ಅವರ ಹೆಸರನ್ನು ಇತಿಹಾಸದಲ್ಲಿ ನಿಲ್ಲಿಸಿದ್ದು ಮುಂದಿನ ಘಟನೆ. 1941ರ ಜನವರಿ 31ರ ರಾತ್ರಿ ಇಟಲಿಯವರು ಮೆಟೆಮ್ಮಾವನ್ನು ತೊರೆದು ಗೊಂಡರ್ ಕಡೆಗೆ ಹಿಂದೆ ಸರಿದರು. ಹೋಗುವಾಗ ದಾರಿಯುದ್ದಕ್ಕೂ ನೆಲಬಾಂಬುಗಳನ್ನು ಹೂತುಹೋದರು. ಓಡುವ ಶತ್ರುವನ್ನು ಬೆನ್ನಟ್ಟಬೇಕು, ಅವನಿಗೆ ನೆಲೆಯೂರಲು ಬಿಡುವು ಕೊಡಬಾರದು. ಆದರೆ ಬೆನ್ನಟ್ಟುವ ಪ್ರತಿ ಗಜದ ಕೆಳಗೂ ಸಾವು ಹೂತಿರಬಹುದು. ಬೇಗ ಹೋಗಬೇಕೆಂಬ ಯುದ್ಧದ ಆಜ್ಞೆಗೂ, ನಿಧಾನವಾಗಿ ಹೋಗಬೇಕೆಂಬ ನೆಲದ ಆಜ್ಞೆಗೂ ನಡುವೆ ಸಿಕ್ಕಿಕೊಂಡವನು ಸ್ಯಾಪರ್.

ಅಂದು ಅವರ ಬಳಿ ಏನಿತ್ತು ಎಂಬುದನ್ನು ಯೋಚಿಸಬೇಕು. ಇಂದಿನಂತೆ ಕಿವಿಗೆ ಹಾಕಿಕೊಂಡು ನೆಲದ ಮೇಲೆ ಆಡಿಸುವ ಲೋಹಶೋಧಕ ಭಾರತೀಯ ಸ್ಯಾಪರ್‌ಗಳ ಕೈಗೆ ಆಗ ಬಂದಿರಲಿಲ್ಲ. ಇದ್ದದ್ದು ಕಣ್ಣು, ಬೆರಳು, ಬಂದೂಕಿನ ತುದಿಯ ಬಾಕು. ಹೊಸದಾಗಿ ಅಗೆದು ಮುಚ್ಚಿದ ಮಣ್ಣಿನ ಬಣ್ಣ ಸುತ್ತಲಿನದಕ್ಕಿಂತ ತುಸು ಬೇರೆಯಿರುತ್ತದೆ. ಕಿತ್ತು ಮತ್ತೆ ನೆಟ್ಟ ಹುಲ್ಲು ಬೇಗ ಬಾಡುತ್ತದೆ. ಮುಚ್ಚಿದ ಗುಂಡಿ ಒಂದೆರಡು ದಿನಗಳಲ್ಲಿ ಸ್ವಲ್ಪ ಕುಸಿಯುತ್ತದೆ. ಬಂಡಿಯ ಜಾಡು ಕಾರಣವಿಲ್ಲದೆ ಒಂದು ಕಡೆ ಅಳಿಸಿಹೋಗಿದ್ದರೆ ಅಲ್ಲಿ ಯಾರೋ ಕೈಯಾಡಿಸಿದ್ದಾರೆಂದು ಅರ್ಥ. ಇವನ್ನೆಲ್ಲ ಓದಿ, ಸಂಶಯ ಬಂದಲ್ಲಿ ನೆಲಕ್ಕೆ ಮೈಚಾಚಿ, ಬಾಕಿನ ಮೊನೆಯನ್ನು ಓರೆಯಾಗಿ ಇಳಿಸಬೇಕು. ನೆಲಬಾಂಬಿನ ಸಿಡಿಗುಂಡಿ ಸಾಮಾನ್ಯವಾಗಿ ಅದರ ನೆತ್ತಿಯಲ್ಲಿರುತ್ತದೆ. ಪಕ್ಕದಿಂದ ಸೋಕಿದರೆ ಅದು ಸುಮ್ಮನಿರುತ್ತದೆ, ಮೇಲಿನಿಂದ ಒತ್ತಿದರೆ ಸಿಡಿಯುತ್ತದೆ. ಸಿಕ್ಕಿದ ಮೇಲೂ ಎತ್ತುವಂತಿಲ್ಲ. ಎತ್ತುವವನನ್ನೇ ಕೊಲ್ಲಲೆಂದು ಅಡಿಯಲ್ಲಿ ಇನ್ನೊಂದು ಕುಣಿಕೆ ಇರಬಹುದು. ನಮ್ಮ ಸುಬೇದಾರರ ಹಿತ್ತಲಿನ ಆಟ ಇದೇ.

ಭಗತ್ ಈ ಕೆಲಸವನ್ನು ಒಂದು ದಿನವಲ್ಲ, ನಾಲ್ಕು ದಿನ ಮಾಡಿದರು. ಬೆನ್ನಟ್ಟುವ ಪಡೆಯ ತೀರ ಮುಂದಿನ ಬ್ರೆನ್ ಕ್ಯಾರಿಯರ್‌ನಲ್ಲಿ, ಅಂದರೆ ಮೇಲ್ಭಾಗ ತೆರೆದಿರುವ ಸಣ್ಣ ಕವಚವಾಹನದಲ್ಲಿ, ಅವರು ಕುಳಿತಿರುತ್ತಿದ್ದರು. ಮುಂಜಾವಿನಿಂದ ಮುಸ್ಸಂಜೆಯವರೆಗೆ ದಾರಿಯನ್ನು ನೋಡುತ್ತ ಹೋಗಿ, ಗುಮಾನಿ ಬಂದಲ್ಲಿ ಇಳಿದು, ಹುಡುಕಿ, ತೆಗೆಸಿ, ಮತ್ತೆ ಹತ್ತಿ ಮುಂದಕ್ಕೆ. ಒಟ್ಟು 55 ಮೈಲಿ, ಸುಮಾರು 88 ಕಿಲೋಮೀಟರ್ ದಾರಿ. ಬಾಂಬು ಹೂತ ಹದಿನೈದು ಪ್ರದೇಶಗಳನ್ನು ಅವರು ಪತ್ತೆಹಚ್ಚಿ, ಮುಂದೆ ನಿಂತು ತೆರವು ಮಾಡಿಸಿದರು. ಎರಡು ಬಾರಿ ಅವರ ವಾಹನವೇ ಸಿಡಿಯಿತು, ಜೊತೆಗಿದ್ದವರಲ್ಲಿ ಸಾವುನೋವಾಯಿತು. ಮತ್ತೊಮ್ಮೆ ಹೊಂಚುದಾಳಿಗೆ ಸಿಕ್ಕಿ, ಹತ್ತಿರದಿಂದ ಬರುತ್ತಿದ್ದ ಗುಂಡುಗಳ ನಡುವೆಯೇ ಕೆಲಸವನ್ನು ಮುಂದುವರಿಸಿದರು. ಸ್ಫೋಟದ ಹೊಡೆತಕ್ಕೆ ಒಂದು ಕಿವಿಯ ತಮಟೆ ಹರಿದುಹೋಯಿತು.

ಇಲ್ಲೊಂದು ಸಂಗತಿ ನನ್ನನ್ನು ವರ್ಷಗಳಿಂದ ಕಾಡಿದೆ. ದಣಿದು ಸೋತಿದ್ದ ಅವರನ್ನು ಬಿಡುಗಡೆ ಮಾಡಿ ಬೇರೊಬ್ಬರನ್ನು ಕಳಿಸಲು ಮೇಲಿನವರು ಮುಂದಾದಾಗ ಭಗತ್ ಒಪ್ಪಲಿಲ್ಲ. ಅದಕ್ಕೆ ಅವರು ಕೊಟ್ಟ ಕಾರಣ ಶೌರ್ಯದ್ದಲ್ಲ, ಹಟದ್ದೂ ಅಲ್ಲ. ಇಷ್ಟು ದೂರ ಬಂದ ಮೇಲೆ ಈ ಕೆಲಸಕ್ಕೆ ಉಳಿದವರಿಗಿಂತ ತಾನೇ ಹೆಚ್ಚು ಅರ್ಹ ಎಂಬುದಷ್ಟೇ ಅವರ ವಾದ. ನನಗೆ ಅದು ಶುದ್ಧ ವೃತ್ತಿಪರ ಲೆಕ್ಕಾಚಾರವಾಗಿ ತೋರುತ್ತದೆ. ಶತ್ರು ಎಲ್ಲಿ ಹೂಳುತ್ತಾನೆ, ತಿರುವಿನ ಮೊದಲೋ ನಂತರವೋ, ಹಳ್ಳ ದಾಟುವಲ್ಲೋ ಮರದ ನೆರಳಿನಲ್ಲೋ ಎಂಬುದನ್ನು ಹದಿನೈದು ಬಾರಿ ಕಂಡ ಕಣ್ಣಿಗೆ ಒಂದು ತಿಳಿವಳಿಕೆ ಮೂಡಿರುತ್ತದೆ. ಹೊಸಬ ಬಂದರೆ ಆ ತಿಳಿವಳಿಕೆಯನ್ನು ಮೊದಲಿನಿಂದ ಸಂಪಾದಿಸಬೇಕು. ಅದರ ಬೆಲೆಯನ್ನು ತೆರುವವರು ಹಿಂದೆ ಬರುತ್ತಿರುವ ಸೈನಿಕರು. ತನ್ನ ಪ್ರಾಣದ ಲೆಕ್ಕವನ್ನು ಬದಿಗಿಟ್ಟು ಆ ಲೆಕ್ಕವನ್ನು ಮಾಡಿದ್ದು ಅವರ ದೊಡ್ಡತನ.

1941ರ ಜೂನ್‌ನಲ್ಲಿ ಅವರಿಗೆ ವಿಕ್ಟೋರಿಯಾ ಕ್ರಾಸ್ ಘೋಷಣೆಯಾಯಿತು. ಎರಡನೇ ಮಹಾಯುದ್ಧದಲ್ಲಿ ಆ ಪದಕ ಪಡೆದ ಮೊದಲ ಭಾರತೀಯ ಅಧಿಕಾರಿ ಅವರು. ಭಾರತೀಯ ಅಧಿಕಾರಿಗಳ ಬಗೆಗಿದ್ದ ಹಳೆಯ ಸಂಶಯಕ್ಕೆ ಇದಕ್ಕಿಂತ ಖಚಿತವಾದ ಉತ್ತರ ಬೇಕಿರಲಿಲ್ಲ. ಗಮನಿಸಬೇಕಾದ ಇನ್ನೊಂದು ಮಾತಿದೆ: ಪದಕದ ಕಾರಣಗಳಲ್ಲಿ ಅವರು ಕೊಂದ ಶತ್ರುಗಳ ಲೆಕ್ಕವಿಲ್ಲ. ಹಿಂದೆ ಬರುವವರು ಸಾಯದಂತೆ ನೋಡಿಕೊಂಡದ್ದೇ ಅವರ ಸಾಹಸ.

ಅದೇ ಯುದ್ಧದ ಮುಂದಿನ ವರ್ಷಗಳಲ್ಲಿ ಯಂತ್ರ ಬಂತು. ಬ್ರಿಟನ್ನಿನಲ್ಲಿ ಆಶ್ರಯ ಪಡೆದಿದ್ದ ಪೋಲೆಂಡ್ ಸೇನೆಯ ಜೋಸೆಫ್ ಕೊಸಾಟ್ಸ್ಕಿ ರೂಪಿಸಿದ, ಒಬ್ಬನೇ ಹೊತ್ತು ನಡೆಯಬಹುದಾದ ಲೋಹಶೋಧಕವನ್ನು 1942ರ ಅಕ್ಟೋಬರ್‌ನಲ್ಲಿ ಎಲ್ ಅಲಮೈನ್ ಕದನದಲ್ಲಿ ಬಳಸಲಾಯಿತು. ಅದರಿಂದ ತೆರವಿನ ವೇಗ ಬಹಳ ಹೆಚ್ಚಿತು. ಆದರೆ ಯಂತ್ರ ಬಂದೊಡನೆ ಮನುಷ್ಯನ ಹೊಣೆ ಮುಗಿಯಲಿಲ್ಲ. 1944ರ ಫೆಬ್ರುವರಿ 24ರಂದು ಇಟಲಿಯ ಮಿಗ್ನಾನೊ ಬಳಿ ಗಾಯಾಳುಗಳನ್ನು ತರಲು ಬಾಂಬು ಹೂತ ನೆಲದಲ್ಲಿ ದಾರಿ ಮಾಡಿಕೊಂಡು ಹೋಗುತ್ತಿದ್ದ ತಂಡದ ಮುಂದೆ ಇದ್ದವರು ನಮ್ಮ ಬೆಂಗಳೂರನ್ನು ಮನೆಯಾಗಿಸಿಕೊಂಡ ಮದ್ರಾಸ್ ಸ್ಯಾಪರ್ಸ್‌ನ ಸುಬೇದಾರ್ ಸುಬ್ರಮಣಿಯನ್. ಅವರ ಕೈಯಲ್ಲಿ ಶೋಧಕ ಯಂತ್ರವಿತ್ತು. ಹಿಂದೆ ಬರುತ್ತಿದ್ದ ಸೈನಿಕನೊಬ್ಬ ನೆಲಬಾಂಬಿನ ಮೇಲೆ ಕಾಲಿಟ್ಟ. ಅದು ಸಿಡಿಯಲು ಕೆಲವೇ ಸೆಕೆಂಡುಗಳಿದ್ದವು. ಸುಬ್ರಮಣಿಯನ್ ಅದರ ಮೇಲೆ ಮೈಚೆಲ್ಲಿ ಪ್ರಾಣಬಿಟ್ಟರು, ತಂಡದವರು ಉಳಿದರು. ಜಾರ್ಜ್ ಕ್ರಾಸ್ ಪದಕ ಪಡೆದ ಮೊದಲ ಭಾರತೀಯರು ಅವರು. ನಮ್ಮ ನೆರೆಯ ಸುಬೇದಾರರು ಈ ಹೆಸರನ್ನು ಹೇಳುವಾಗ ಎದ್ದು ನಿಲ್ಲುತ್ತಿದ್ದರು.

ಸ್ವತಂತ್ರ ಭಾರತದಲ್ಲೂ ಈ ಪರಂಪರೆ ಮುಂದುವರಿಯಿತು. 1948ರ ಏಪ್ರಿಲ್‌ನಲ್ಲಿ ಕಾಶ್ಮೀರದ ನೌಶೇರಾ-ರಾಜೌರಿ ದಾರಿಯಲ್ಲಿ ನೆಲಬಾಂಬುಗಳನ್ನೂ ಅಡೆತಡೆಗಳನ್ನೂ ತೆಗೆಯುತ್ತ ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟ ಸೆಕೆಂಡ್ ಲೆಫ್ಟಿನೆಂಟ್ ರಾಮ ರಾಘೋಬ ರಾಣೆ, ಭಗತ್ ಅವರ ಬಾಂಬೆ ಸ್ಯಾಪರ್ಸ್‌ಗೇ ಸೇರಿದವರು, ಅವರು ಹುಟ್ಟಿದ ವರ್ಷದಲ್ಲೇ ಹುಟ್ಟಿದವರು. ಕಾರವಾರದ ಬಳಿಯ ಚೆಂಡಿಯಾದ ಮನೆತನದ ರಾಣೆ, ಗಾಯಗೊಂಡಿದ್ದರೂ ದಿನಗಟ್ಟಲೆ ದುಡಿದು ಪರಮವೀರ ಚಕ್ರಕ್ಕೆ ಪಾತ್ರರಾದರು. ಗೊಂಡರ್ ದಾರಿಯ ಮಾದರಿ ಇಲ್ಲಿ ಮತ್ತೆ ಕಾಣುತ್ತದೆ.

ಯುದ್ಧವೀರರ ಬದುಕನ್ನು ಹೇಳುವಾಗ ನಾವು ಪದಕದ ದಿನಕ್ಕೇ ಕಥೆ ಮುಗಿಸಿಬಿಡುತ್ತೇವೆ. ಭಗತ್ ಅವರ ವಿಷಯದಲ್ಲಿ ಹಾಗೆ ಮಾಡಿದರೆ ಅವರ ಅರ್ಧ ಬದುಕನ್ನು ಬಿಟ್ಟಂತಾಗುತ್ತದೆ. 1962ರ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಚೀನಾದೊಂದಿಗಿನ ಯುದ್ಧದಲ್ಲಿ ನಾವು ಸೋತೆವು. ಎಲ್ಲಿ ತಪ್ಪಾಯಿತೆಂದು ಪರಿಶೀಲಿಸಲು, ಹೊಸದಾಗಿ ಸೇನಾ ಮುಖ್ಯಸ್ಥರಾದ ಜೆ.ಎನ್. ಚೌಧುರಿ ಇಬ್ಬರನ್ನು ನೇಮಿಸಿದರು: ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಭಗತ್. ಭಗತ್ ಆಗ ಡೆಹ್ರಾಡೂನಿನಲ್ಲಿ ತಾವು ಕಲಿತ ಅಕಾಡೆಮಿಯ ಮುಖ್ಯಸ್ಥರಾಗಿದ್ದರು. ಈ ಬಾರಿ ಅವರು ಹುಡುಕಬೇಕಾಗಿದ್ದದ್ದು ಶತ್ರು ಹೂತ ಬಾಂಬುಗಳನ್ನಲ್ಲ, ನಮ್ಮವರೇ ಅರಿತೋ ಅರಿಯದೆಯೋ ಹೂತಿಟ್ಟ ತಪ್ಪುಗಳನ್ನು.

ತರಬೇತಿ, ಸಾಧನ ಸಾಮಗ್ರಿ, ಆಜ್ಞಾ ವ್ಯವಸ್ಥೆ, ಸೈನಿಕರ ದೇಹದಾರ್ಢ್ಯ, ನಾಯಕರ ಸಾಮರ್ಥ್ಯ ಇವು ಅವರ ಪರಿಶೀಲನೆಯ ವಿಷಯಗಳಾಗಿದ್ದವು. ದೆಹಲಿಯ ರಾಜಕೀಯ ತೀರ್ಮಾನಗಳು ನೇರವಾಗಿ ಅವರ ವ್ಯಾಪ್ತಿಗೆ ಬರುತ್ತಿರಲಿಲ್ಲ. 1963ರಲ್ಲಿ ವರದಿ ಸಿದ್ಧವಾಯಿತು. ಸೆಪ್ಟೆಂಬರ್ 2ರಂದು ರಕ್ಷಣಾ ಸಚಿವ ವೈ.ಬಿ. ಚವಾಣ್ ಅದರ ಸಾರವನ್ನಷ್ಟೇ ಸಂಸತ್ತಿಗೆ ತಿಳಿಸಿದರು. ಪೂರ್ಣ ವರದಿ ಕಪಾಟು ಸೇರಿತು. ಅರ್ಧ ಶತಮಾನ ಕಳೆದರೂ ಯಾವ ಪಕ್ಷದ ಸರ್ಕಾರವೂ ಅದನ್ನು ಪ್ರಕಟಿಸಲಿಲ್ಲ. 2010ರಲ್ಲೂ ಅದರ ಒಳಗಿನ ವಿಚಾರಗಳು ಸೂಕ್ಷ್ಮವಾದವು, ಇಂದಿಗೂ ಸೇನಾ ದೃಷ್ಟಿಯಿಂದ ಮಹತ್ವದವು ಎಂಬ ಉತ್ತರವೇ ಸಂಸತ್ತಿಗೆ ಸಿಕ್ಕಿತು. 2014ರ ಮಾರ್ಚ್‌ನಲ್ಲಿ ನೆವಿಲ್ ಮ್ಯಾಕ್ಸ್‌ವೆಲ್ ಎಂಬ ವಿದೇಶಿ ಪತ್ರಕರ್ತರು ಅದರ ಒಂದು ಭಾಗವನ್ನು ಅಂತರಜಾಲದಲ್ಲಿ ಬಯಲಿಗಿಟ್ಟಾಗ, ನಮ್ಮ ಸೋಲಿನ ಬಗ್ಗೆ ನಮ್ಮ ಅಧಿಕಾರಿಗಳೇ ಬರೆದದ್ದನ್ನು ನಾವು ಹೊರಗಿನವರ ಕೈಯಿಂದ ಓದಬೇಕಾಯಿತು. ಸಾಕಷ್ಟು ಬಲವಿಲ್ಲದೆ ಮುಂಚೂಣಿ ಠಾಣೆಗಳನ್ನು ಸ್ಥಾಪಿಸುತ್ತ ಹೋದ ನೀತಿಯನ್ನು ಆ ಪುಟಗಳು ಮುಚ್ಚುಮರೆಯಿಲ್ಲದೆ ಟೀಕಿಸಿದ್ದವು.

ಈ ಲೇಖನ ಬರೆಯಲು ನನ್ನನ್ನು ಪ್ರೇರೇಪಿಸಿದ್ದು ಇದೇ. ಬಾಂಬನ್ನು ಹುಡುಕಿದವನು ಅದರ ಜಾಗವನ್ನು ಯಾರಿಗೂ ತಿಳಿಸದೆ ಹೋದರೆ ಆ ಪತ್ತೆಯಿಂದ ಫಲವಿಲ್ಲ. ಅಷ್ಟೇ ಅಲ್ಲ, ದಾರಿ ನೋಡಿಯಾಗಿದೆಯೆಂಬ ಹುಸಿ ಧೈರ್ಯದಲ್ಲಿ ಹಿಂದಿನವರು ಕಾಲಿಡುತ್ತಾರೆ. ಭಗತ್ ಮತ್ತು ಬ್ರೂಕ್ಸ್ ತಮ್ಮ ಪಾಲಿನ ಬಿಳಿ ಕೋಲುಗಳನ್ನು ನೆಟ್ಟಿದ್ದರು. ನಾವು ಅವನ್ನು ಕಿತ್ತು ಉಗ್ರಾಣದಲ್ಲಿಟ್ಟೆವು. ಸೇನೆಯೊಳಗೆ ಆ ಪಾಠಗಳನ್ನು ಬಳಸಿಕೊಳ್ಳಲಾಯಿತು, ಪರ್ವತ ಯುದ್ಧಕ್ಕೆಂದೇ ಹೊಸ ಡಿವಿಷನ್‌ಗಳು ಬಂದವು, ನಿಜ. ಗಡಿಯ ಗುಟ್ಟುಗಳನ್ನು ಬೀದಿಗೆ ತರಬಾರದೆಂಬ ವಾದದಲ್ಲೂ ಹುರುಳಿದೆ. ಆದರೆ ಅರುವತ್ತು ವರ್ಷ ಹಳೆಯದಾದ ಠಾಣೆಗಳ ವಿವರಕ್ಕೆ ಆ ವಾದ ಎಷ್ಟು ಕಾಲ ಆಸರೆಯಾದೀತು? ಯುದ್ಧಕ್ಕೆ ಮಕ್ಕಳನ್ನು ಕಳಿಸುವವರು ನಾಗರಿಕರು. ಯಾವ ತಪ್ಪಿಗೆ ಆ ಮಕ್ಕಳು ಮರಳಲಿಲ್ಲವೆಂದು ತಿಳಿಯುವ ಹಕ್ಕೂ ಅವರದು.

ಭಗತ್ ಮತ್ತೆ ತಮ್ಮ ಕೆಲಸಕ್ಕೆ ಮರಳಿದರು. ಅವರ ಕೊನೆಯ ವರ್ಷಗಳಲ್ಲೂ ಅದೇ ಸ್ವಭಾವ ಕಾಣುತ್ತದೆ. ದೇಶದ ರಕ್ಷಣೆಯ ಬಗ್ಗೆ 1965ರಲ್ಲೇ ಪುಸ್ತಕವೊಂದನ್ನು ಪ್ರಕಟಿಸಿ, ತಾವು ಕಂಡ ಕುಂದುಗಳನ್ನು ಓದುಗರ ಮುಂದಿಟ್ಟರು. ಸೇನೆಯ ಕೇಂದ್ರ ಕಮಾಂಡಿನ ಮುಖ್ಯಸ್ಥರಾಗಿದ್ದಾಗ ಗೋಮತಿ ಉಕ್ಕಿ ಲಕ್ನೋ ಮುಳುಗುವ ಭೀತಿ ಎದುರಾಯಿತು. ಅವರು ಸೈನಿಕರನ್ನು ಒಡ್ಡಿನ ಮೇಲೆ ನಿಲ್ಲಿಸಿ ನಗರವನ್ನು ಕಾಯ್ದರು. 1972ರಲ್ಲಿ ಹೊಸದಾಗಿ ರೂಪುಗೊಂಡ ಉತ್ತರ ಕಮಾಂಡ್ ಅವರಿಗೆ ಒಪ್ಪಿಸಲ್ಪಟ್ಟಿತು. ಸಿಮ್ಲಾ ಒಪ್ಪಂದದ ಬಳಿಕ ಜಮ್ಮು-ಕಾಶ್ಮೀರದ ನಿಯಂತ್ರಣ ರೇಖೆ ಎಲ್ಲಿಂದ ಎಲ್ಲಿಗೆ ಹಾದುಹೋಗುತ್ತದೆಂದು ನಕ್ಷೆಗಳ ಮೇಲೆ ಗುರುತಿಸಬೇಕಾಗಿತ್ತು. ಪಾಕಿಸ್ತಾನದ ಪರವಾಗಿ ಲೆಫ್ಟಿನೆಂಟ್ ಜನರಲ್ ಅಬ್ದುಲ್ ಹಮೀದ್ ಖಾನ್, ಭಾರತದ ಪರವಾಗಿ ಭಗತ್. ತಿಂಗಳುಗಟ್ಟಲೆ ನಡೆದ ಮಾತುಕತೆಯ ನಂತರ 1972ರ ಡಿಸೆಂಬರ್ 11ರಂದು ಸುಚೇತ್‌ಗಢದಲ್ಲಿ ಇಬ್ಬರೂ ಆ ನಕ್ಷೆಗಳಿಗೆ ಸಹಿ ಹಾಕಿದರು. ಆ ರೇಖೆಯ ಮೇಲೆ ಮುಂದೆ ಎಷ್ಟೇ ರಕ್ತ ಹರಿದಿರಲಿ, ಅದು ಎಲ್ಲಿದೆ ಎಂಬ ಪ್ರಶ್ನೆ ಬಂದಾಗಲೆಲ್ಲ, 1999ರ ಕಾರ್ಗಿಲ್ ಯುದ್ಧದಲ್ಲೂ, ಕೈಗೆತ್ತಿಕೊಳ್ಳುವುದು ಆ ಗುರುತುಗಳನ್ನೇ.

ಅವರೇ ಮುಂದಿನ ಸೇನಾ ಮುಖ್ಯಸ್ಥರೆಂಬ ನಿರೀಕ್ಷೆ ಬಹಳ ಜನರಿಗಿತ್ತು. ಆದರೆ ಅಂದಿನ ಮುಖ್ಯಸ್ಥ ಜನರಲ್ ಬೇವೂರರ ಸೇವಾವಧಿಯನ್ನು ಸರ್ಕಾರ ವಿಸ್ತರಿಸಿದ್ದರಿಂದ, ಆ ಹುದ್ದೆ ತೆರವಾಗುವ ಮೊದಲೇ ಭಗತ್ 1974ರಲ್ಲಿ ನಿವೃತ್ತರಾದರು. ಅದೇ ವರ್ಷ ದಾಮೋದರ ಕಣಿವೆ ನಿಗಮದ ಅಧ್ಯಕ್ಷತೆಯನ್ನು ವಹಿಸಿಕೊಂಡು, ಕುಂಟುತ್ತಿದ್ದ ವಿದ್ಯುತ್ ಕೇಂದ್ರಗಳನ್ನು ಸರಿದಾರಿಗೆ ತರುವ ಕೆಲಸಕ್ಕಿಳಿದರು. ಒಂದು ವರ್ಷ ತುಂಬುವ ಮೊದಲೇ, 1975ರ ಮೇ 23ರಂದು, ಐವತ್ತಾರನೇ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ಸುಬೇದಾರರ ಗೋಡೆಯ ಚಿತ್ರ ಆ ದಿನಗಳ ಪತ್ರಿಕೆಯದೇ.

ಅವರು ತೀರಿಹೋದ ಮೇಲೆ ನೆಲಬಾಂಬುಗಳು ಇನ್ನಷ್ಟು ಜಾಣವಾಗಿವೆ. ಲೋಹದ ಅಂಶ ತೀರ ಕಡಿಮೆಯಿರುವ ಪ್ಲಾಸ್ಟಿಕ್ ಬಾಂಬುಗಳು ಲೋಹಶೋಧಕದ ಕಣ್ಣಿಗೆ ಮಣ್ಣೆರಚುತ್ತವೆ. ಅದಕ್ಕಾಗಿಯೇ ಸ್ಫೋಟಕದ ವಾಸನೆ ಹಿಡಿಯುವ ನಾಯಿಗಳು, ನೆಲದೊಳಕ್ಕೆ ರೇಡಿಯೊ ಅಲೆಗಳನ್ನು ಕಳಿಸಿ ನೋಡುವ ರಾಡಾರುಗಳು, ಸ್ಫೋಟಕದ ಸೂಕ್ಷ್ಮ ಕಣಗಳನ್ನು ಗುರುತಿಸುವ ರಾಸಾಯನಿಕ ಪರೀಕ್ಷೆಗಳು, ದೂರದಿಂದ ನಡೆಸುವ ರೋಬೊಗಳು ಬಂದಿವೆ. ಪುಣೆಯ ನಮ್ಮ ರಕ್ಷಣಾ ಪ್ರಯೋಗಾಲಯಗಳು ಸ್ಫೋಟಕ ಪತ್ತೆಯ ಪುಟ್ಟ ಪೆಟ್ಟಿಗೆಯನ್ನೂ, ದಕ್ಷ ಎಂಬ ರೋಬೊವನ್ನೂ ರೂಪಿಸಿವೆ. ಮನುಷ್ಯ ವಿರೋಧಿ ನೆಲಬಾಂಬುಗಳನ್ನು ನಿಷೇಧಿಸುವ 1997ರ ಒಟ್ಟಾವಾ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆದರೆ ನೆಲಬಾಂಬಿನಲ್ಲಿ ಶೋಧಕಕ್ಕೆ ಸಿಕ್ಕುವಷ್ಟು, ಅಂದರೆ ಎಂಟು ಗ್ರಾಂ ಕಬ್ಬಿಣಕ್ಕೆ ಸಮನಾದ ಸುಳಿವು ಇರಲೇಬೇಕು, ಹೂತ ಜಾಗದ ದಾಖಲೆ ಇಡಲೇಬೇಕು ಎನ್ನುವ ಇನ್ನೊಂದು ಅಂತರರಾಷ್ಟ್ರೀಯ ಕಟ್ಟಳೆಗೆ ನಾವು ಬದ್ಧರು.

ದಾಖಲೆಯ ಬೆಲೆ ಎಷ್ಟೆಂದು ನಮಗೆ ತಿಳಿಯದ್ದೇನಲ್ಲ. ಸಂಸತ್ತಿನ ಮೇಲಿನ ದಾಳಿಯ ಬಳಿಕ, 2001ರ ಡಿಸೆಂಬರ್‌ನಿಂದ ಪಶ್ಚಿಮದ ಗಡಿಯುದ್ದಕ್ಕೂ ರೈತರ ಹೊಲಗಳಲ್ಲಿ ನೆಲಬಾಂಬುಗಳನ್ನು ಹೂಳಲಾಯಿತು. ಯುದ್ಧ ನಡೆಯಲಿಲ್ಲ. ಆದರೂ ಹೂಳುವಾಗ, ತೆಗೆಯುವಾಗ ಸೈನಿಕರು ಸತ್ತರು. ಉಳಿದವುಗಳ ಮೇಲೆ ಕಾಲಿಟ್ಟು ಪಂಜಾಬ್ ಮತ್ತು ರಾಜಸ್ಥಾನದ ರೈತರು ಸತ್ತರು, ಕಾಲು ಕಳೆದುಕೊಂಡರು. ಮರಳು ಸರಿದ ಕಡೆ ಬಾಂಬೂ ಸರಿದಿತ್ತು. ನಕ್ಷೆಯ ಚುಕ್ಕಿ ಮಾತ್ರ ಅಲ್ಲೇ ಇತ್ತು.

ನಮ್ಮ ಸುಬೇದಾರರು ತೀರಿಕೊಂಡು ಬಹಳ ಕಾಲವಾಯಿತು. ಅವರ ಮನೆ ಮಾರಾಟವಾಗಿ, ಹೊಸಬರು ಹಿತ್ತಲನ್ನು ಅಗೆಸಿದಾಗ ತುಕ್ಕು ಹಿಡಿದ ಪಾಲಿಶ್ ಡಬ್ಬಿಯೊಂದು ಹೊರಬಂತಂತೆ. ಆಟದ ಗಡಿಬಿಡಿಯಲ್ಲಿ ನಮ್ಮಲ್ಲಿ ಯಾರೋ ಗುರುತು ಹಾಕದೆ ಬಿಟ್ಟದ್ದು. ಅದು ನಾನೇ ಇರಬಹುದು. ಸುದ್ದಿ ಕೇಳಿ ನಕ್ಕೆ, ಆಮೇಲೆ ನಗು ಬರಲಿಲ್ಲ.

ಕಳೆದ ವಾರ ಮತ್ತೆ ಆ ವಾಣಿಜ್ಯ ಸಂಕೀರ್ಣಕ್ಕೆ ಹೋದೆ. ಚೌಕಟ್ಟು ಕೂಗಿತು. ನಾನು ಮುಂದೆ ಹೋಗದೆ ನಿಂತೆ. ಕೈಚೀಲವನ್ನು ತೆರೆದು ಆ ಯುವಕನ ಮುಂದೆ ಹಿಡಿದೆ. ಅವನು ಅಚ್ಚರಿಯಿಂದ ನನ್ನನ್ನು ನೋಡಿ, ಬಳಿಕ ಚೀಲದೊಳಗೆ ಕಣ್ಣಾಡಿಸಿದ. ಕೊಡೆ, ಕನ್ನಡಕದ ಪೆಟ್ಟಿಗೆ, ಬೀಗದ ಕೈ. ನನ್ನ ಹಿಂದಿದ್ದವರು ತಡವಾಯಿತೆಂದು ಗೊಣಗಿದರು. ಆದರೆ ಅವರ ಸರದಿ ಬಂದಾಗ ಆ ಯುವಕ ಅವರ ಚೀಲವನ್ನೂ ತೆರೆಯಲು ಹೇಳಿದ.